ದೊಡ್ಡ ಕರುಳಿನ ಜೋಡಣೆಯ ಸ್ಟ್ರಿಕ್ಚರ್

ದೊಡ್ಡ ಕರುಳಿನ ಅಥವಾ ಗುದನಾಳದ ರೋಗಗ್ರಸ್ತ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಬಳಿಕ ಉಳಿದ ಎರಡು ತುದಿಗಳನ್ನು ಒಂದಕ್ಕೊಂದು ಕೂಡಿಸಲಾಗುತ್ತದೆ. ಹೀಗೆ ಕೂಡಿಸಿದ ಸ್ಥಳವು ಮುಂದೆ ಕಿರಿದಾಗುವುದನ್ನು ಜೋಡಣೆಯ ಸ್ಟ್ರಿಕ್ಚರ್ ಎನ್ನುತ್ತಾರೆ. ಸುಮಾರು 12 ಮಿ.ಮೀ. ದಪ್ಪದ ಕೊಲೊನೋಸ್ಕೋಪ್ ಆ ಸ್ಥಳವನ್ನು ದಾಟಲಾರದಿದ್ದರೆ ಅದನ್ನು ಸಾಮಾನ್ಯವಾಗಿ ಸ್ಟ್ರಿಕ್ಚರ್ ಎಂದು ಪರಿಗಣಿಸಲಾಗುತ್ತದೆ. ಇಂತಹ ಅನೇಕ ರೋಗಿಗಳಿಗೆ ಎಂಡೋಸ್ಕೋಪಿಯ ಮೂಲಕ ಚಿಕಿತ್ಸೆ ನೀಡಿ, ಮತ್ತೊಂದು ಶಸ್ತ್ರಚಿಕಿತ್ಸೆಯನ್ನು ತಪ್ಪಿಸಬಹುದು.

ಕಾರಣಗಳು

ಗಾಯ ಮಾಯುವಾಗ ಬೆಳೆಯುವ ನಾರು ಅಂಗಾಂಶವು ಮಿತಿಮೀರಿ ಕುಗ್ಗುವುದೇ ಇದಕ್ಕೆ ಮೂಲ. ಜೋಡಣೆಯಲ್ಲಿ ಸೋರಿಕೆ, ಆ ಭಾಗಕ್ಕೆ ರಕ್ತಪೂರೈಕೆಯ ಕೊರತೆ ಹಾಗೂ ವಿಕಿರಣ ಚಿಕಿತ್ಸೆ ಇದರ ಸಂಭವವನ್ನು ಹೆಚ್ಚಿಸುತ್ತವೆ.

ಲಕ್ಷಣಗಳು

ಮಲಬದ್ಧತೆ, ಹೊಟ್ಟೆಯುಬ್ಬರ, ಸೆಳೆತದ ನೋವು, ತೆಳ್ಳಗಿನ ಮಲ ಇವು ಮುಖ್ಯ ಲಕ್ಷಣಗಳು. ಮಲವನ್ನು ತಾತ್ಕಾಲಿಕವಾಗಿ ಹೊಟ್ಟೆಯ ಮೇಲಿನ ಸ್ಟೋಮಾದ ಮೂಲಕ ಹೊರಬಿಡುತ್ತಿದ್ದರೆ ಯಾವ ಲಕ್ಷಣವೂ ಕಾಣದಿರಬಹುದು. ಆದ್ದರಿಂದ ಸ್ಟೋಮಾವನ್ನು ಮುಚ್ಚುವ ಮೊದಲು ಜೋಡಣೆಯನ್ನು ಪರೀಕ್ಷಿಸಲಾಗುತ್ತದೆ.

ರೋಗನಿರ್ಣಯ

ಕ್ಯಾನ್ಸರ್‌ಗಾಗಿ ಶಸ್ತ್ರಚಿಕಿತ್ಸೆಯಾಗಿದ್ದಲ್ಲಿ, ಈ ಇಕ್ಕಟ್ಟು ಬರಿಯ ಗಾಯದ ಕಲೆಯೋ ಅಥವಾ ಮರುಕಳಿಸಿದ ಕ್ಯಾನ್ಸರೋ ಎಂಬುದನ್ನು ಮೊದಲು ತಿಳಿಯುವುದು ಅತ್ಯಗತ್ಯ. ಇದಕ್ಕಾಗಿ ಬಯಾಪ್ಸಿ ಮತ್ತು ಅಗತ್ಯಬಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಲಾಗುತ್ತದೆ. ಮರುಕಳಿಸಿದ ಕ್ಯಾನ್ಸರ್‌ನ ಚಿಕಿತ್ಸಾಕ್ರಮವೇ ಬೇರೆ.

ಬಲೂನ್ ಹಿಗ್ಗಿಸುವಿಕೆ

ಇದು ಹೆಚ್ಚಾಗಿ ಬಳಕೆಯಲ್ಲಿರುವ ವಿಧಾನ. ಕೊಲೊನೋಸ್ಕೋಪ್‌ನ ಒಳನಾಳದ ಮೂಲಕ ಮಡಿಸಿದ ಬಲೂನನ್ನು ಇಕ್ಕಟ್ಟಾದ ಸ್ಥಳದವರೆಗೆ ಸಾಗಿಸಿ, ಅದರೊಳಗೆ ದ್ರವ ತುಂಬಲಾಗುತ್ತದೆ. ಹಿಗ್ಗಿದ ಬಲೂನು ಕಲೆಯ ಅಂಗಾಂಶವನ್ನು ಎಲ್ಲ ದಿಕ್ಕುಗಳಿಗೂ ಒತ್ತಿ ದಾರಿಯನ್ನು ಅಗಲಗೊಳಿಸುತ್ತದೆ. ಹಂತಹಂತವಾಗಿ ಸಾಮಾನ್ಯವಾಗಿ 18ರಿಂದ 20 ಮಿ.ಮೀ. ವ್ಯಾಸದವರೆಗೆ ಹಿಗ್ಗಿಸುತ್ತಾರೆ. ಕಲೆಯು ಮತ್ತೆ ಕುಗ್ಗುವ ಸ್ವಭಾವದ್ದಾದುದರಿಂದ ಕೆಲವು ವಾರಗಳ ಅಂತರದಲ್ಲಿ ಚಿಕಿತ್ಸೆಯನ್ನು ಪುನರಾವರ್ತಿಸಬೇಕಾಗಬಹುದು.

ಇತರ ವಿಧಾನಗಳು

ಬಲೂನಿಗೆ ಬಗ್ಗದ ಚಿಕ್ಕ ಇಕ್ಕಟ್ಟುಗಳಲ್ಲಿ ವಿದ್ಯುತ್ ಚಾಕುವಿನಿಂದ ಕಲೆಯನ್ನು ಕೆಲವೆಡೆ ಸೀಳಲಾಗುತ್ತದೆ. ಸ್ಟಿರಾಯ್ಡ್ ಚುಚ್ಚುಮದ್ದನ್ನೂ ತಾತ್ಕಾಲಿಕ ಲೋಹದ ಸ್ಟೆಂಟನ್ನೂ ಆಯ್ದ ರೋಗಿಗಳಲ್ಲಿ ಬಳಸುವುದುಂಟು. ಆದರೆ ಸ್ಟೆಂಟ್ ತನ್ನ ಸ್ಥಾನದಿಂದ ಜಾರಬಹುದು. ಗುದದ್ವಾರಕ್ಕೆ ತೀರ ಸಮೀಪದಲ್ಲಿ ಇಟ್ಟರೆ ನೋವುಂಟುಮಾಡುತ್ತದೆ. ಇವೆಲ್ಲವೂ ವಿಫಲವಾದಾಗ ಜೋಡಣೆಯ ಭಾಗವನ್ನು ತೆಗೆದು ಹೊಸದಾಗಿ ಕೂಡಿಸುವ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ.

ಅಪಾಯಗಳು

ರಕ್ತಸ್ರಾವ ಮತ್ತು ಕರುಳು ರಂಧ್ರವಾಗುವುದು ಮುಖ್ಯ ಅಪಾಯಗಳು. ಚಿಕಿತ್ಸೆಯ ನಂತರ ತೀವ್ರ ಹೊಟ್ಟೆನೋವು, ಜ್ವರ ಅಥವಾ ಹೆಚ್ಚಿನ ರಕ್ತಸ್ರಾವ ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ರಂಧ್ರವಾಗಿದ್ದಲ್ಲಿ ತುರ್ತು ಶಸ್ತ್ರಚಿಕಿತ್ಸೆಯ ಅಗತ್ಯ ಬೀಳಬಹುದು.