ಎರಡು ಬ್ರೆಡ್ಡಿನ ನಡುವೆ ತಿಂಗಳುಗಟ್ಟಲೆ ಕಾಲ

ಸಣ್ಣ ಉರಿ, ಕಾವಲಿ, ಹತ್ತು ನಿಮಿಷ: ಬಿಸಿ ರೂಬೆನ್ ಸ್ಯಾಂಡ್‌ವಿಚ್ ತಯಾರು. ಆದರೆ ಆ ಹತ್ತು ನಿಮಿಷದ ಹಿಂದೆ ಏನೇನಿದೆ ನೋಡಿ! ದಿನಗಟ್ಟಲೆ ಉಪ್ಪುನೀರಿನಲ್ಲಿ ಮಲಗಿದ ಮಾಂಸ, ವಾರಗಟ್ಟಲೆ ತನ್ನ ರಸದಲ್ಲೇ ಹುಳಿಯೇರಿದ ಎಲೆಕೋಸು, ತಿಂಗಳುಗಟ್ಟಲೆ ಮಾಗಿದ ಚೀಸ್. ಅಮೆರಿಕದ ಡೆಲಿ ಅಂಗಡಿಯ ಗಾಜಿನ ಕಪಾಟಿನಲ್ಲಿ ತಣ್ಣಗೆ ಕೂತ ಇವೆಲ್ಲ ಮನೆಯ ಒಲೆಯ ಮೇಲೆ ಒಟ್ಟಿಗೆ ಕರಗುತ್ತವೆ.

ಹುಟ್ಟಿದ್ದೆಲ್ಲಿ? ಜಗಳ ಇನ್ನೂ ಮುಗಿದಿಲ್ಲ. ನೆಬ್ರಾಸ್ಕಾದ ಒಮಾಹಾ ಊರಿನವರು ಹೇಳುವುದು ಇಸ್ಪೀಟಿನ ಕಥೆ: 1920ರ ದಶಕ, ಬ್ಲ್ಯಾಕ್‌ಸ್ಟೋನ್ ಹೋಟೆಲಿನಲ್ಲಿ ಪೋಕರ್ ಆಟ, ಆಟದ ಮಧ್ಯೆ ಹಸಿದ ಕಿರಾಣಿ ವ್ಯಾಪಾರಿ ರೂಬೆನ್ ಕುಲಕೋಫ್ಸ್ಕಿ. ನ್ಯೂಯಾರ್ಕಿನವರು 1914ಕ್ಕೇ ಹೋಗಿ ಅರ್ನಾಲ್ಡ್ ರೂಬೆನ್ ಎಂಬ ಡೆಲಿ ಮಾಲೀಕನನ್ನು ಮುಂದೆ ತರುತ್ತಾರೆ. ಆದರೆ ಅವನ ಕಥೆಯ ಸ್ಯಾಂಡ್‌ವಿಚ್ಚಿನಲ್ಲಿದ್ದದ್ದು ಹ್ಯಾಮ್ ಮತ್ತು ಟರ್ಕಿ! ನನ್ನ ಮತ ಒಮಾಹಾಕ್ಕೆ. 1956ರಲ್ಲಿ ರಾಷ್ಟ್ರಮಟ್ಟದ ಸ್ಯಾಂಡ್‌ವಿಚ್ ಸ್ಪರ್ಧೆ ಗೆದ್ದು ಇದನ್ನು ದೇಶಕ್ಕೆಲ್ಲ ಪರಿಚಯಿಸಿದ ಫರ್ನ್ ಸ್ನೈಡರ್ ಕೂಡ ಅದೇ ಬ್ಲ್ಯಾಕ್‌ಸ್ಟೋನ್ ಹೋಟೆಲಿನಲ್ಲಿ ಕೆಲಸ ಮಾಡಿದವರು. ತಮಾಷೆಯೆಂದರೆ, ಯಹೂದಿ ಹೆಸರು ಹೊತ್ತ ಈ ತಿಂಡಿಯನ್ನು ಸಂಪ್ರದಾಯಸ್ಥ ಯಹೂದಿಗಳು ಮುಟ್ಟುವಂತಿಲ್ಲ. ಮಾಂಸದ ಜೊತೆ ಹಾಲಿನ ಪದಾರ್ಥ ಅವರಿಗೆ ನಿಷಿದ್ಧ.

ಈಗ ಎಲೆಕೋಸಿಗೆ ಬನ್ನಿ, ಬೆರಗೆಲ್ಲ ಇರುವುದು ಇಲ್ಲೇ. ಸಣ್ಣಗೆ ಹೆಚ್ಚಿದ ಕೋಸಿನ ತೂಕಕ್ಕೆ ನೂರಕ್ಕೆ ಎರಡು ಪಾಲು ಉಪ್ಪು ಹಾಕಿ ಹಿಸುಕಿ, ಬಿಟ್ಟ ನೀರಿನಲ್ಲೇ ಮುಳುಗಿಸಿಟ್ಟರೆ ಸವರ್‌ಕ್ರೌಟ್. ವಿನೆಗರ್ ಒಂದು ಹನಿಯೂ ಬೇಡ! ಕೆಲಸ ಶುರುಮಾಡುವುದು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯ. ಯಾರಿದು ಗೊತ್ತಾಯಿತೇ? ರಾತ್ರಿಯಿಡೀ ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವವರಲ್ಲಿ ಪ್ರಮುಖ! ಜರ್ಮನಿಯ ಭರಣಿಗೂ ಬಸವನಗುಡಿಯ ಹಿಟ್ಟಿನ ಪಾತ್ರೆಗೂ ಒಬ್ಬನೇ ಕೆಲಸಗಾರ.

ಇದಕ್ಕೆ ಹಾಕುವ ಸ್ವಿಸ್ ಚೀಸಿನ ತೂತುಗಳದ್ದೂ ಇಂಥದೇ ಕಥೆ. ಇನ್ನೊಂದು ಜಾತಿಯ ಬ್ಯಾಕ್ಟೀರಿಯ ಬಿಡುವ ಇಂಗಾಲದ ಡೈಆಕ್ಸೈಡ್ ಅವನ್ನು ಉಬ್ಬಿಸುತ್ತದೆಂದು ಮೊದಲೇ ಗೊತ್ತಿತ್ತು. ಆದರೆ ಅನಿಲ ಮೊದಲು ಹಿಡಿದು ಕೂರುವುದು ಯಾವುದನ್ನು? ಹಾಲಿಗೆ ಬಿದ್ದ ಒಣಹುಲ್ಲಿನ ಪುಡಿಯನ್ನು ಎಂದರು 2015ರಲ್ಲಿ ಸ್ವಿಟ್ಜರ್ಲೆಂಡಿನ ಆಗ್ರೋಸ್ಕೋಪ್ ಸಂಸ್ಥೆಯ ವಿಜ್ಞಾನಿಗಳು. ಹಾಲು ಕರೆಯುವುದು ಶುಭ್ರವಾದಷ್ಟೂ ತೂತು ಕಮ್ಮಿ!

ಮಾಂಸ, ಅಂದರೆ ಕಾರ್ನ್ಡ್ ಬೀಫ್, ದನದ ಎದೆಭಾಗದ್ದು. ಗಂಟೆಗಟ್ಟಲೆ ಬೇಯಿಸಿದರೂ ಗುಲಾಬಿ ಬಣ್ಣ ಮಾಸದಿರುವುದು ಉಪ್ಪುನೀರಿಗೆ ಬೆರೆಸಿದ ನೈಟ್ರೈಟಿನಿಂದ. ಆ ದೀರ್ಘ ಬೇಯುವಿಕೆಯಲ್ಲೇ ಗಟ್ಟಿ ನಾರು ಜೆಲಟಿನ್ ಆಗಿ ಕರಗುವುದು. ಎಳೆಗೆ ಅಡ್ಡಲಾಗಿ, ತೆಳ್ಳಗೆ ಕೊಯ್ಯಿರಿ. ಉದ್ದುದ್ದ ಕೊಯ್ದರೆ ಹಗ್ಗ ಅಗಿದಂತೆ.

ಮನೆಯಲ್ಲಿ ನಾಲ್ವರಿಗೆ ಮಾಡುವಾಗ ಮುಖ್ಯ ಶತ್ರು ನೀರು. ಸವರ್‌ಕ್ರೌಟನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ. ರೈ ಬ್ರೆಡ್ಡಿನ ಹೊರಮೈಗೆ ಬೆಣ್ಣೆ. ಒಳಮೈಗೆ ಮೇಯನೇಸ್, ಕೆಚಪ್, ಸಣ್ಣಗೆ ಹೆಚ್ಚಿದ ಸೌತೆ ಉಪ್ಪಿನಕಾಯಿ ಕಲಸಿದ ರಷ್ಯನ್ ಡ್ರೆಸ್ಸಿಂಗ್. ಹೆಸರು ರಷ್ಯನ್, ಹುಟ್ಟಿದ್ದು ಮಾತ್ರ ಅಮೆರಿಕದಲ್ಲಿ. ಚೀಸನ್ನು ಮೇಲೂ ಕೆಳಗೂ ಎರಡು ಕಡೆ ಇಡಿ; ಕರಗಿದ ಕೊಬ್ಬು ಬ್ರೆಡ್ಡಿಗೆ ರಸ ಇಳಿಯದಂತೆ ತಡೆಯುತ್ತದೆ. ಮಾಂಸವನ್ನು ಮೊದಲೇ ಬೆಚ್ಚಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಬ್ರೆಡ್ ಸೀದರೂ ನಡುವೆ ತಣ್ಣಗೇ ಇರುತ್ತದೆ. ಮೊದಲ ಮಗ್ಗುಲು ಬೇಯುವಾಗ ಮುಚ್ಚಳ ಮುಚ್ಚಿ, ತಿರುವಿದ ಮೇಲೆ ತೆಗೆದುಬಿಡಿ.

ಕಾವಲಿಯ ಕಾವಿಗೆ ಸವರ್‌ಕ್ರೌಟಿನ ಬ್ಯಾಕ್ಟೀರಿಯಗಳು ಹೆಚ್ಚಾಗಿ ಸಾಯುತ್ತವೆ. ಮನೆಯಲ್ಲೇ ಹುಳಿಬರಿಸಿದ್ದಾದರೆ ತಟ್ಟೆಯ ಪಕ್ಕ ಒಂದು ಚಮಚ ಹಸಿಯಾಗಿಯೇ ಬಡಿಸಿ, ಮಕ್ಕಳು ಮುಖ ಕಿವುಚಿದರೂ ಸರಿ.