ಬ್ಲೇಡು ಕೊಳ್ಳುವ ಮುನ್ನ

ಮುಂಬಯಿಯ ಫ್ಲ್ಯಾಟುಗಳಲ್ಲಿ ಮರಗೆಲಸ ಮಾಡಿಸಿದ ಗೃಹಿಣಿಯರಿಗೆಲ್ಲ ಈ ಮಾತು ಪರಿಚಿತ: "ಆಂಟಿ, ಬ್ಲೇಡು ಹೋಯಿತು, ಹೊಸದು ಬೇಕು." ಇಲ್ಲಿ ಸುತಾರನೆಂದು ಕರೆಯುವ ಬಡಗಿಯೊಡನೆ ಮಜೂರಿ ಮಾತಾಡುವಾಗ ಗರಗಸದ ಬ್ಲೇಡಿನ ಪ್ರಸ್ತಾಪವೇ ಬಂದಿರುವುದಿಲ್ಲ, ಕೊನೆಗೆ ಆ ಖರ್ಚು ನಮ್ಮ ತಲೆಗೇ. ನಾಗದೇವಿ ಸ್ಟ್ರೀಟಿನ ಅಂಗಡಿಗಳಲ್ಲಿ ಕೇಳಿ ಕಲಿತದ್ದನ್ನು ಓದುಗ ಸೋದರಿಯರಿಗಾಗಿ ಬರೆಯುತ್ತಿದ್ದೇನೆ.

ಬ್ಲೇಡು ನಿಜಕ್ಕೂ ಹೋಗಿದೆಯೇ? ಕೊಯ್ದ ಅಂಚು ಕಪ್ಪಾದರೆ, ಹೊಗೆ ಬಂದರೆ ಹಲ್ಲು ಮೊಂಡಾಯಿತೆನ್ನುತ್ತಾರೆ. ಮರದ ಅಂಟು ಮೆತ್ತಿಕೊಂಡರೂ ಇದೇ ಲಕ್ಷಣ! ಪ್ಲಗ್ ಕಿತ್ತು, ಬ್ಲೇಡು ಬಿಚ್ಚಿಸಿ, ಸೋಪಿನ ನೀರಿನಲ್ಲಿ ನೆನೆಸಿ ಹಳೆಯ ಬ್ರಷ್ಷಿನಿಂದ ತಿಕ್ಕಿ ಒಣಗಿಸಿ ನೋಡಿ. ಹಲ್ಲಿನ ತುದಿಯ ಕಾರ್ಬೈಡ್ ತುಣುಕುಗಳೆಲ್ಲ ಇದ್ದರೆ ಸಾಣೆಗೂ ಕೊಡಬಹುದು. ತಟ್ಟೆಯಲ್ಲಿ ಬಿರುಕು ಕಂಡರೆ ಮಾತ್ರ ಎಸೆಯುವುದೇ ಸರಿ.

7 ಇಂಚಿನ ಗರಗಸಕ್ಕೆ 24 ಹಲ್ಲಿನ ಬ್ಲೇಡು ಮರವನ್ನು ಉದ್ದಕ್ಕೆ ಸೀಳಲು, 40 ಹಲ್ಲಿನದು ಪ್ಲೈವುಡ್ಡಿಗೆ. ಸನ್‌ಮೈಕಾ ಅಂಟಿಸಿದ ಹಲಗೆಗೆ ಇನ್ನೂ ಹೆಚ್ಚು ಹಲ್ಲಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಅಂಚು ಚಕ್ಕುಲಿಯಂತೆ ಮುರಿಯುತ್ತದೆ. ನಡುವಿನ ರಂಧ್ರ ಯಂತ್ರದ ಕಡ್ಡಿಗೆ ಸರಿಯಾಗಿ ಕೂರಬೇಕು. ಸಡಿಲವಾದರೆ ತಗಡು ಸುತ್ತಿ ಕೂರಿಸುವ ಜಾಣರಿದ್ದಾರೆ, ಒಪ್ಪಬೇಡಿ.

ಎಲ್ಲಕ್ಕಿಂತ ಮುಖ್ಯ, ಬ್ಲೇಡಿನ ಮೇಲೆ ಅಚ್ಚಾದ ಆರ್.ಪಿ.ಎಂ. ಬಿ.ಎ.ಯಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದ ನನಗೆ ಇದು ಹೊಸ ಪಾಠ. ಆ ಸಂಖ್ಯೆ ಯಂತ್ರದ ಸುತ್ತಿಗಿಂತ ಕಡಿಮೆ ಇರಲೇಕೂಡದು. ಗರಗಸ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗಿದರೆ 4 ಇಂಚಿನ ಗ್ರೈಂಡರ್ ಸುಮಾರು 11,000 ಸುತ್ತುತ್ತದೆ. ಆದರೂ ಅನೇಕರು ಗ್ರೈಂಡರಿನ ಕವಚ ಬಿಚ್ಚಿ ಹಲ್ಲಿನ ಬ್ಲೇಡು ಹಾಕುತ್ತಾರೆ. ಹಲ್ಲು ಮರದಲ್ಲಿ ಸಿಕ್ಕಿಕೊಂಡರೆ ಯಂತ್ರವೇ ಎಗರಿ ಕೈಮೇಲೆ ಬರುತ್ತದೆ. ನಮ್ಮ ಮನೆಗೆ ಬರುವ ಸುತಾರನ ಎಡಗೈ ತೋರುಬೆರಳು ಅರ್ಧಕ್ಕೇ ನಿಂತಿದೆ. ವಯಸ್ಸು ಮೂವತ್ತೂ ಆಗಿಲ್ಲ. "ಅಂದು ಅವಸರವಿತ್ತು" ಎಂದಷ್ಟೇ ಹೇಳುತ್ತಾನೆ. ಗ್ರೈಂಡರಿಗೆಂದು ಯಾರಾದರೂ ಗರಗಸದ ಬ್ಲೇಡು ಕೇಳಿದರೆ ತಂದುಕೊಡಬೇಡಿ, ಕೆಲಸ ಎರಡು ದಿನ ತಡವಾದರೂ ಸರಿಯೇ.

ಹೊಸ ಬ್ಲೇಡಿನ ಬಾಣದ ಗುರುತು ಯಂತ್ರದ ಬಾಣದ ದಿಕ್ಕಿಗೇ ಇರಬೇಕು. ಮೊದಲು ಮರಕ್ಕೆ ತಗುಲಿಸದೆ ಅರ್ಧ ನಿಮಿಷ ಓಡಿಸಲಿ. ಅಲುಗಾಡಿದರೆ ನಿಲ್ಲಿಸಿ, ಬಿಲ್ಲಿನೊಡನೆ ಅಂಗಡಿಗೆ ಹಿಂತಿರುಗಿಸಿ.