ಸಿಡಿಲಿಗೆ ಕಾದು ನಿಲ್ಲುವ ಎರಡನೆಯ ಕ್ಯಾಮೆರಾ

ಮಂಗಳೂರಿನ ಪೂರ್ವ ಭಾಗದ ಎತ್ತರದಲ್ಲಿರುವ ಶಕ್ತಿನಗರಕ್ಕೆ ಮಳೆ ಬರುವ ದಾರಿ ಒಂದೇ ಅಲ್ಲ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಘಟ್ಟದ ಕಡೆ, ಅಂದರೆ ಪೂರ್ವದಲ್ಲಿ ಮೋಡ ಕಟ್ಟಿ ಗುಡುಗು-ಸಿಡಿಲಿನೊಂದಿಗೆ ಇಳಿದು ಬರುತ್ತದೆ. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಎಂದರೆ ಮೇ 24ರ ಸುಮಾರಿಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕೆಲವೇ ದಿನಗಳಲ್ಲಿ ಮುಂಗಾರು ಪಶ್ಚಿಮದ ಕಡಲಿನಿಂದ ಏರಿ ಬರುತ್ತದೆ. ಅದರಲ್ಲಿ ನೀರು ಹೆಚ್ಚು, ಮಿಂಚು ಕಡಿಮೆ. ಅಕ್ಟೋಬರ್ ಬಂದರೆ ಸಿಡಿಲು ಮತ್ತೆ ಮರಳುತ್ತದೆ. ಬಿರುಮಳೆಯನ್ನು ಚಿತ್ರೀಕರಿಸುವ ಹವ್ಯಾಸಿಗೆ ಎರಡನೆಯ ಕ್ಯಾಮೆರಾ ಬೇಕೆನಿಸುವುದು ಈ ಕಾರಣದಿಂದಲೇ: ಒಂದು ಕ್ಯಾಮೆರಾ ಕೈಯಲ್ಲಿದ್ದು ಮಿಂಚಿದ ಕಡೆಗೆ ತಿರುಗುತ್ತಿದ್ದರೆ, ಇನ್ನೊಂದು ಅಲುಗದೆ ಬೇರೊಂದು ದಿಕ್ಕನ್ನು ನೋಡುತ್ತಿರಬೇಕಾಗುತ್ತದೆ.

ಬಿರುಗಾಳಿಯ ಬೆನ್ನಟ್ಟುವ ಹವ್ಯಾಸ ಬೆಳೆದದ್ದು ಅಮೆರಿಕದ ಬಯಲು ಸೀಮೆಯಲ್ಲಿ. ಡೇವಿಡ್ ಹೋಡ್ಲಿ 1956ರಲ್ಲಿ ಉತ್ತರ ಡಕೋಟಾದಲ್ಲಿ ಅದನ್ನು ಆರಂಭಿಸಿದವರು. ಅಲ್ಲಿ ನೇರ ರಸ್ತೆಗಳೂ ಮರೆಯಿಲ್ಲದ ದಿಗಂತವೂ ಇರುವುದರಿಂದ ಕಾರಿನಲ್ಲಿ ಮೋಡದ ಹಿಂದೆ ಹೋಗಬಹುದು. ಗುಡ್ಡ, ತೆಂಗು, ತಿರುವು, ವಾಹನ ದಟ್ಟಣೆಗಳ ಕರಾವಳಿಯಲ್ಲಿ ಬೆನ್ನಟ್ಟುವುದಕ್ಕಿಂತ ಕಾಯುವುದೇ ಜಾಣತನ. ಆದ್ದರಿಂದ ಎರಡನೆಯ ಕ್ಯಾಮೆರಾ ಮೊದಲನೆಯದಕ್ಕಿಂತ ಉತ್ತಮವಾಗಿರಬೇಕಿಲ್ಲ. ದೀರ್ಘಕಾಲ ಕಾಯಬಲ್ಲದ್ದಾಗಿದ್ದು, ಹಾಳಾದರೂ ಮನೆಯ ಲೆಕ್ಕಾಚಾರ ಬುಡಮೇಲಾಗದಷ್ಟು ಅಗ್ಗವಾಗಿದ್ದರೆ ಸಾಕು.

ಎಲ್ಲಕ್ಕಿಂತ ಅಗ್ಗದ ಆಯ್ಕೆ ಕಪಾಟಿನಲ್ಲಿ ಬಿದ್ದಿರುವ ಹಳೆಯ ಮೊಬೈಲು. ಹಗಲಿನ ಮೋಡಗಳಿಗೆ ಅದು ಧಾರಾಳ ಸಾಕು. ಐದು ಸೆಕೆಂಡಿಗೊಂದು ಚಿತ್ರ ತೆಗೆದು ಜೋಡಿಸುವ ಟೈಮ್‌ಲ್ಯಾಪ್ಸ್ ವಿಧಾನದಲ್ಲಿ ಒಂದು ಗಂಟೆಯ ಆಕಾಶ 720 ಚಿತ್ರಗಳಾಗಿ, ಸೆಕೆಂಡಿಗೆ 25ರ ವೇಗದಲ್ಲಿ ಅರ್ಧ ನಿಮಿಷದೊಳಗೆ ಓಡುತ್ತದೆ. ಆದರೆ ಅದರ ಸಂವೇದಕ, ಅಂದರೆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಬಿಲ್ಲೆ, ಬಹಳ ಚಿಕ್ಕದಾದ್ದರಿಂದ ಕತ್ತಲಾದೊಡನೆ ಚಿತ್ರದಲ್ಲಿ ಕಾಳುಕಾಳಾದ ಗದ್ದಲ ತುಂಬುತ್ತದೆ. ಆ್ಯಕ್ಷನ್ ಕ್ಯಾಮೆರಾಗಳಿಗೂ ಇರುಳು ಕಷ್ಟವೇ, ಆದರೆ ನೀರಿನ ಭಯವಿಲ್ಲ: ಗೋಪ್ರೋ 2016ರ ಹೀರೋ 5ರಿಂದೀಚೆಗೆ ಬೇರೆ ಕವಚವಿಲ್ಲದೆಯೇ 10 ಮೀಟರ್ ಆಳದ ನೀರನ್ನು ತಾಳುತ್ತದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಯುದ್ದಕ್ಕೂ ಸಾಗಿದಾಗ ಎದ್ದಂಥ ಅಲೆಗಳನ್ನೂ ಉಳ್ಳಾಲ, ಸೋಮೇಶ್ವರಗಳ ಕಡಲ್ಕೊರೆತವನ್ನೂ ಹಿಡಿಯಲು ಇಂಥದ್ದೇ ಬೇಕು. ಉಪ್ಪು ನೀರಿನ ಸಿಂಚನ ಬಿದ್ದ ಬಳಿಕ ಸಿಹಿನೀರಿನಲ್ಲಿ ತೊಳೆಯಬಹುದಾದ ಕ್ಯಾಮೆರಾ ಬೇರೆ ಯಾವುದು?

ಇರುಳಿನ ಸಿಡಿಲಿಗಾದರೆ ಬಳಸಿದ ಹ್ಯಾಂಡಿಕ್ಯಾಮ್ ಅಥವಾ ಒಂದಿಂಚು ಎಂದು ಕರೆಯಲಾಗುವ ಸಂವೇದಕದ ಕ್ಯಾಮೆರಾ ಹುಡುಕುವುದು ಲೇಸು. ಹೆಸರಿಗೆ ಒಂದಿಂಚಾದರೂ ಅದರ ನಿಜವಾದ ಅಳತೆ 13.2 × 8.8 ಮಿಲಿಮೀಟರ್, ಅಗ್ಗದ ಪುಟ್ಟ ಕ್ಯಾಮೆರಾಗಳ 1/2.3 ಇಂಚಿನ ಸಂವೇದಕಕ್ಕಿಂತ ಅದರ ವಿಸ್ತೀರ್ಣ ನಾಲ್ಕು ಪಟ್ಟು ದೊಡ್ಡದು. ಮದುವೆ ಚಿತ್ರೀಕರಿಸುವವರು ಹೊಸ ಮಿರರ್‌ಲೆಸ್ ಕೊಂಡಾಗ ಮಾರುವ ಹ್ಯಾಂಡಿಕ್ಯಾಮ್‌ಗೆ ಇನ್ನೊಂದು ಗುಣವಿದೆ. ಹಳೆಯ ಸ್ಟಿಲ್ ಕ್ಯಾಮೆರಾಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ಚಿತ್ರೀಕರಣ ನಿಲ್ಲಿಸುತ್ತಿದ್ದವು. 30 ನಿಮಿಷ ಮುದ್ರಿಸುವ ಯಂತ್ರವನ್ನು ವಿಡಿಯೋ ಕ್ಯಾಮೆರಾ ಎಂದೆಣಿಸಿ ಹೆಚ್ಚು ಸುಂಕ ಹಾಕುತ್ತಿದ್ದ ಯುರೋಪಿನ ನಿಯಮವೊಂದು ಅದಕ್ಕೆ ಮುಖ್ಯ ಕಾರಣ. ಹ್ಯಾಂಡಿಕ್ಯಾಮ್‌ಗೆ ಆ ಕಟ್ಟುಪಾಡಿಲ್ಲ. ಸಿಡಿಲು ಸುಂಕ ನೋಡಿ ಬರುವುದಿಲ್ಲವಷ್ಟೆ.

ಇಂದಿನ ಬಹುತೇಕ ಕ್ಯಾಮೆರಾಗಳ ಸಿಮಾಸ್ ಸಂವೇದಕ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಇದನ್ನು ರೋಲಿಂಗ್ ಶಟರ್ ಎನ್ನುತ್ತಾರೆ. ಸಿಡಿಲಿನ ಒಂದೊಂದು ಹೊಡೆತವೂ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತಿನಲ್ಲಿ ಮುಗಿಯಬಹುದಾದ್ದರಿಂದ, ಆಗ ಬೆಳಕಿಗೆ ತೆರೆದಿದ್ದ ಸಾಲುಗಳು ಮಾತ್ರ ಬೆಳಗಿ, ಆಕಾಶದ ಅರ್ಧ ಬಿಳಿ, ಅರ್ಧ ಕಪ್ಪು ಆದಂತೆ ಅಡ್ಡಪಟ್ಟಿ ಕಾಣಿಸುತ್ತದೆ. ಹಿಂದಿನ ಸಿಸಿಡಿ ಸಂವೇದಕಗಳು ಇಡೀ ಚಿತ್ರವನ್ನು ಒಮ್ಮೆಗೇ ಹಿಡಿಯುತ್ತಿದ್ದವು. ಹದಿನೈದು ವರ್ಷ ಹಳೆಯ ಯಂತ್ರವೊಂದು ಈ ಒಂದು ವಿಷಯದಲ್ಲಿ ಹೊಸದನ್ನು ಮೀರಿಸುವುದು ಹೀಗೆ. ಹಾಗೆಂದು ಟೇಪಿನ ಕ್ಯಾಮೆರಾ ಕೊಳ್ಳುವುದು ಬೇಡ, ಅದರ ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಫೈರ್‌ವೈರ್ ಕಿಂಡಿಯೇ ಈಗಿನ ಯಂತ್ರಗಳಲ್ಲಿಲ್ಲ. ಸಿಮಾಸ್ ಕ್ಯಾಮೆರಾದಲ್ಲೂ ಅರ್ಧ ಪರಿಹಾರವಿದೆ: ಸೆಕೆಂಡಿಗೆ 25 ಚಿತ್ರಗಳಿದ್ದಾಗ ಶಟರನ್ನು 1/50ರ ಬದಲು 1/25ಕ್ಕೆ ಇಟ್ಟರೆ ಎರಡು ಚಿತ್ರಗಳ ನಡುವೆ ಕುರುಡು ಗಳಿಗೆ ಉಳಿಯುವುದಿಲ್ಲ. ಫೋಕಸ್, ಬೆಳಕಿನ ಪ್ರಮಾಣಗಳನ್ನು ಕೈಯಾರೆ ನಿಗದಿಪಡಿಸುವ ಸೌಲಭ್ಯವಿಲ್ಲದ ಕ್ಯಾಮೆರಾ ಕತ್ತಲಲ್ಲಿ ತಡಕಾಡುತ್ತಲೇ ಇರುತ್ತದೆ. ಅಂಥದ್ದನ್ನು ಎಷ್ಟೇ ಅಗ್ಗವಾಗಿ ಸಿಕ್ಕರೂ ಬಿಟ್ಟುಬಿಡುವುದೇ ಸರಿ.

ಮಂಗಳೂರಿನ ಬಳಸಿದ ಕ್ಯಾಮೆರಾಗಳಿಗೆ ತಗಲುವ ಸಾಮಾನ್ಯ ರೋಗ ಬೂಷ್ಟು. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿದರೆ ಒಳಗಿನ ಗಾಜಿನ ಮೇಲೆ ಜೇಡನ ಎಳೆಯಂಥ ಬಿಳಿ ಕವಲುಗಳು ಕಾಣುತ್ತವೆ. ಕಂಡರೆ ಚೌಕಾಸಿಗೂ ಇಳಿಯಬೇಕಿಲ್ಲ. ಬ್ಯಾಟರಿ ಉಬ್ಬಿದೆಯೇ, ಚಾರ್ಜಿಂಗ್ ಕಿಂಡಿಯಲ್ಲಿ ಹಸಿರು ಕಿಲುಬು ಹಿಡಿದಿದೆಯೇ ಎಂಬುದನ್ನೂ ಗಮನಿಸಿ, ಅಂಗಡಿಯಲ್ಲೇ ಅರ್ಧ ಗಂಟೆ ಓಡಿಸಿ ನೋಡಬೇಕು.

ಇಟ್ಟುಕೊಂಡ ಹಣದಲ್ಲಿ ಮೂರನೆಯ ಒಂದು ಪಾಲನ್ನು ಕ್ಯಾಮೆರಾದ ಹೊರಗಿನ ಸಾಮಾನಿಗೇ ಎತ್ತಿಡುವುದು ಒಳ್ಳೆಯದು. ಮಳೆ ಜೋರಾದರೆ ಕರೆಂಟು ಹೋಗುವ ಊರಿನಲ್ಲಿ ಪವರ್ ಬ್ಯಾಂಕಿನಿಂದ ಓಡುವ ಕ್ಯಾಮೆರಾ ವರ. ಸೆಕೆಂಡಿಗೆ 100 ಮೆಗಾಬಿಟ್ ದರದ ಚಿತ್ರ ಗಂಟೆಗೆ 45 ಜಿಬಿ ನುಂಗುತ್ತದೆ, ಅರ್ಥಾತ್ 64 ಜಿಬಿ ಕಾರ್ಡು ಒಂದೂವರೆ ಗಂಟೆಯೊಳಗೆ ತುಂಬುತ್ತದೆ. ಟ್ರೈಪಾಡ್ ಹಗುರವಾಗಿದ್ದರೆ ನಡುವಿಗೆ ಕಲ್ಲಿನ ಚೀಲ ನೇತುಹಾಕಬೇಕು. ತಾರಸಿಯ ಮೇಲೆ ಹಾಕಿದ ತಗಡಿನ ಮಾಡಿನ ಕೆಳಗೆ ಕ್ಯಾಮೆರಾ ನೆನೆಯದೆ ಉಳಿಯುತ್ತದೆ ನಿಜ, ಆದರೆ ತಗಡಿನ ಮೇಲೆ ಬೀಳುವ ಮಳೆಯ ಸದ್ದು ಗುಡುಗನ್ನು ಪೂರ್ತಿ ನುಂಗಿಬಿಡುತ್ತದೆ. ಧ್ವನಿಗಾಗಿ ಮೊಬೈಲೊಂದನ್ನು ಕೆಳಗಿನ ಕೋಣೆಯ ಕಿಟಕಿಯಲ್ಲಿ ಇಟ್ಟು ಅನಂತರ ಜೋಡಿಸಿಕೊಳ್ಳಬೇಕಾಗುತ್ತದೆ.

ಮಿಂಚಿಗೂ ಗುಡುಗಿಗೂ ನಡುವಿನ ಪ್ರತಿ ಮೂರು ಸೆಕೆಂಡು ಸುಮಾರು ಒಂದು ಕಿಲೋಮೀಟರ್ ದೂರ. ಅಂತರ 30 ಸೆಕೆಂಡಿಗಿಂತ ಕಡಿಮೆಯಾದೊಡನೆ ಮನುಷ್ಯ ತಾರಸಿಯಿಂದ ಇಳಿಯಬೇಕು, ಕೊನೆಯ ಗುಡುಗಿನ ಬಳಿಕ 30 ನಿಮಿಷ ಮತ್ತೆ ಏರಬಾರದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಆ ಹೊತ್ತಿನಲ್ಲಿ ಹೊರಗೆ ಉಳಿಯುವುದು ಎರಡನೆಯ ಕ್ಯಾಮೆರಾ ಒಂದೇ. ಮಳೆ ಬಿಟ್ಟ ಮೇಲೆ ಅದನ್ನು ಒಣಬಟ್ಟೆಯಲ್ಲಿ ಒರೆಸಿ, ಅಕ್ಕಿ ಡಬ್ಬಕ್ಕಲ್ಲ, ನೀಲಿ ಸಿಲಿಕಾ ಜೆಲ್ ಕಾಳುಗಳಿರುವ ಬಿಗಿಮುಚ್ಚಳದ ಡಬ್ಬಕ್ಕೆ ಹಾಕಬೇಕು. ಜುಲೈ ತಿಂಗಳಲ್ಲಿ ಆ ಕಾಳುಗಳು ನೋಡನೋಡುತ್ತಲೇ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ.